ಸಂತೆ ಎತ್ತಿಸಿದ ಅಧ್ಯಕ್ಷೆ

ಕಾಂತರಾಜು ಪಂಚಾಯ್ತಿ ಕಚೇರಿಯ ಮೆಟ್ಟಿಲು ಹತ್ತುವಾಗ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಅಧ್ಯಕ್ಷೆ ಭಾಗ್ಯಲಕ್ಷ್ಮಿಯ ಮೇಲೆ ಅವತ್ತು ಅವಿಶ್ವಾಸ ಗೊತ್ತುವಳಿ. ಒಂದು ಕೈ ಕಡಿಮೆ ಬಿದ್ದರೂ ಅವಳು ಉಳಿದುಕೊಳ್ಳುತ್ತಾಳೆ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠವಾಗಿತ್ತು. ಆ ಒಂದು ಕೈ ಮೆಂಬರ್ ಕಾಂತರಾಜುವಿನದು ಎಂಬುದೂ ಗೊತ್ತಿತ್ತು.

"ಕಾಂತಣ್ಣ, ಜನದ ಮಾತ್ ಮೀರ್ಬ್ಯಾಡಿ," ಎಂದು ಹೋಟೆಲಿನ ನಟರಾಜು ಹೆಗಲ ಮೇಲೆ ಕೈಯಿಟ್ಟ. ಮುಂದಿನ ಅಧ್ಯಕ್ಷ ತಾನೇ ಎಂದು ಆಗಲೇ ಬಿಳಿ ಬಟ್ಟೆಗೆ ಇಸ್ತ್ರಿ ಹಾಕಿಸಿ ತೊಟ್ಟು ಬಂದಿದ್ದ ಮೆಂಬರ್ ಅವನು.

ಅವಳು ಮಾಡಿದ ತಪ್ಪು ಇಷ್ಟೇ. ಕೊಣನೂರು ರಸ್ತೆಯ ಇಕ್ಕೆಲದಲ್ಲೂ ಕೂರುತ್ತಿದ್ದ ವಾರದ ಸಂತೆಯನ್ನು ಎತ್ತಿಸಿ ಕೆರೆಯ ಹಿಂದಿನ ಬಯಲಿಗೆ ಹಾಕಿಸಿದ್ದಳು. ಬಸ್ಸಿಳಿದವರು ಅಷ್ಟು ದೂರ ನಡೆಯಲಿಲ್ಲ. ಸೊಪ್ಪು ಬಾಡಿತು, ಬೋಂಡಾ ಆರಿತು, ವ್ಯಾಪಾರ ನೆಲಕಚ್ಚಿತು. "ಕುರ್ಚಿ ಸಿಕ್ಕಿದ್ಮೇಲೆ ಅವ್ಳಿಗೆ ತಲೆ ನಿಲ್ತಿಲ್ಲ ಕಣ್ಲಾ" ಎಂದು ಊರು ಆಡಿಕೊಂಡಿತು.

ಊರಿಗೆ ಗೊತ್ತಿಲ್ಲದ್ದು ಒಂದಿತ್ತು. ಸಂತೆ ಎತ್ತಿಸವ್ವ ಎಂದು ಅವಳ ಮನೆಯ ಜಗುಲಿಯಲ್ಲಿ ಕುಳಿತು ಅತ್ತವನು ಇದೇ ಕಾಂತರಾಜು. ಸಂತೆಯ ನೂಕುನುಗ್ಗಲಲ್ಲಿ ಮೊಮ್ಮಗಳು ನಿಸರ್ಗ ಬಸ್ಸಿನಡಿಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಹಾಗೆ ಅತ್ತವನೇ ಎದ್ದು ಹೊರಡುವಾಗ, "ನನ್ನೆಸ್ರು ಈಚೆಗ್ ಬರದ್ ಬ್ಯಾಡ ಕಣವ್ವ, ನಮ್ ವಾರ್ಡ್ನೋರೆಲ್ಲ ಸಂತೆ ನಂಬ್ಕಂಡವ್ರೆ" ಎಂದಿದ್ದ. ಅವಳು ಆ ಮಾತು ಉಳಿಸಿಕೊಂಡಳು. ಬೈಗುಳವನ್ನೆಲ್ಲ ಒಬ್ಬಳೇ ತಿಂದಳು.

ಒಳಗೆ, ಸಭೆ ನಡೆಸಲು ಬಂದಿದ್ದ ಎಸಿ ಸಾಹೇಬರು ಗೊತ್ತುವಳಿ ಓದಿ, ಅಧ್ಯಕ್ಷೆ ಬೇಡ ಎನ್ನುವವರು ಕೈ ಎತ್ತಿ ಎಂದರು. ಕಿಟಕಿಯ ತುಂಬ ಮುಖಗಳು. ಜನ ಆರಿಸಿದವನು ಜನ ಹೇಳಿದಂತೆ ಕೇಳಬೇಡವೇ ಎಂದು ಕಾಂತರಾಜು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಅದು ಪುಕ್ಕಲನ ಮಾತೆಂದು ಕೊಟ್ಟುಕೊಳ್ಳುವಾಗಲೇ ಗೊತ್ತಿತ್ತು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಆದರೂ ಮಹಾಶಯ ಕೈ ಎತ್ತಿದ.

ಹೊರಗೆ ಪಟಾಕಿ ಸಿಡಿಯಿತು. ಭಾಗ್ಯಲಕ್ಷ್ಮಿ ಸೆರಗು ಹೊದ್ದು ಬಾಗಿಲ ಬಳಿ ಬಂದಾಗ ಅವನು ತಡೆಯಲಾರದೆ, "ನಾನೇನ್ ಮಾಡ್ಲವ್ವ, ಜನ ಎಲ್ರೂವೆ ಒಂದೇ ಮಾತ್ ಅಂದ್ಬುಟ್ರು" ಎಂದ.

"ಜನದ ತಪ್ಪೇನಿಲ್ಲ ಬುಡಿ ಮಾವ. ಅವ್ರಿಗ್ ಗೊತ್ತಿರೋದ್ನ ಅವ್ರಂದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಗ್ ಗೊತ್ತಿರೋದ್ನ ನೀವ್ ಯಾರ್ಗಾರ ಅಂದ್ರಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ನಟರಾಜು ಹಿಂದಿನಿಂದ ಬಂದು ಕೊರಳಿಗೆ ಹಾರ ಹಾಕಿಬಿಟ್ಟ. ಅವಳು ಮೆಟ್ಟಿಲಿಳಿದು ಹೋದಳು. ಜನ ಚಪ್ಪಾಳೆ ತಟ್ಟಿದರು. ಯಾರ ಮುಖವನ್ನೂ ನೋಡಲಾರದೆ ಕಾಂತರಾಜು ತಲೆ ತಗ್ಗಿಸಿ ನಿಂತ.

"ನೋಡ್ಲಾ, ಕಾಂತಣ್ಣಂಗೆ ಒಂಚೂರಾದ್ರೂ ಗರ್ವ ಐತಾ?" ಎಂದು ಯಾರೋ ಮೆಚ್ಚಿಕೊಂಡರು.