ನೆಲೋಗಿಯ ನೀಲಿ ಉರಿ

ಬೆಳಗ್ಗೆ ಎದ್ದ ಕೂಡಲೇ ಶಾರದಾಬಾಯಿ ಹಿತ್ತಲಿಗೆ ಹೋಗಿ ಮೊದಲು ಡ್ರಮ್ಮು ನೋಡುತ್ತಿದ್ದಳು. ಸೆಗಣಿ ಗ್ಯಾಸಿನ ಗುಂಡಿಯ ಮೇಲೆ ಬೋರಲಾಗಿ ತೇಲುವ ಕಬ್ಬಿಣದ ಡ್ರಮ್ಮು ಅದು. ಒಳಗೆ ಗ್ಯಾಸು ತುಂಬಿದರೆ ಮೇಲೇಳಬೇಕು. ಮೊದಮೊದಲು ಎದ್ದಿತ್ತು ಕೂಡ. ಈಗ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಅವಳು ಗುರುತಿಗೆಂದು ಎಳೆದಿದ್ದ ಸುಣ್ಣದ ಗೆರೆ ಇವತ್ತು ಸೆಗಣಿ ನೀರಿನಲ್ಲಿ ಮುಳುಗಿ ಕಾಣಲೇ ಇಲ್ಲ.

ಎಂಬತ್ತರ ದಶಕದ ಆ ಚಳಿಗಾಲದಲ್ಲಿ, ನೆಲೋಗಿಯಲ್ಲಿ ಇಂಥ ಗುಂಡಿ ಇದ್ದದ್ದು ಅವರದೊಂದೇ ಮನೆಯಲ್ಲಿ. ತೋಡಿಸಿದವರು ಮಾವ ಶಾಂತಲಿಂಗಪ್ಪ. ಬೆನ್ನು ಹತ್ತಿದವಳು ಗುಲ್ಬರ್ಗಾದಲ್ಲಿ ಕಾಲೇಜು ಓದಿ ಬಂದ ಈ ಸೊಸೆ. ಒಲೆಯ ಹೊಗೆಗೆ ಅತ್ತೆ ಗುರಮ್ಮನ ಕಣ್ಣು ಸದಾ ಕೆಂಪಗಿರುತ್ತಿದ್ದುದನ್ನು ಅವಳಿಗೆ ನೋಡಲಾಗಿರಲಿಲ್ಲ. ಮಾವ ಒಪ್ಪಿದ್ದರು, ಒಂದು ಮಾತು ಹೇಳಿ.

“ನೋಡವ್ವಾ, ಎಳ್ಳಮಾಸಿ ರೊಟ್ಟಿ ಇದರ ಮ್ಯಾಲ ಆಗಬೇಕು. ಆಗಲಿಲ್ಲಂದ್ರ ಗುಂಡಿ ಮುಚ್ಚಿಸಿ ತಿಪ್ಪಿ ಮಾಡ್ತೇನಿ.”

ಬಂಧುಬಳಗವೆಲ್ಲ ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಸೊಪ್ಪು-ಕಾಳಿನ ಭಜ್ಜಿ ಉಣ್ಣುವ ಎಳ್ಳಮಾವಾಸ್ಯೆಗೆ ಇನ್ನು ವಾರವೂ ಉಳಿದಿರಲಿಲ್ಲ.

ಗೋಡೆಯ ಆಚೆಯಿಂದ ನೆರೆಮನೆಯ ಖಾಸೀಂಬಿ ಇಣುಕಿದಳು. “ಶಾರದಾ, ನಿಮ್ಮ ಡ್ರಮ್ಮು ಏಳಾಕತ್ತದೋ ಮಲಗಾಕತ್ತದೋ ಬೇ?”

“ಚಳಿಗಿ ಸ್ವಲ್ಪ ಇಳದದ ನೋಡ್ರಿ.”

“ಕಂಬಳಿ ಹೊಚ್ಚು ಮತ್ತ! ಎದ್ರ ನಮಗೂ ಒಂದು ತೋಡಸಂತ ನಮ್ಮನಿಯವರಿಗಿ ಹೇಳೀನಿ. ಮಲಗಿದ್ರ ನಮ್ಮ ಕುಳ್ಳೇ ನಮಗ ಛಲೋ.”

ಶಾರದಾಬಾಯಿ ನಕ್ಕಳು, ಆದರೆ ಕಣ್ಣು ಡ್ರಮ್ಮಿನ ಮೇಲೇ ಇತ್ತು. ಈ ಗುಂಡಿ ಮುಚ್ಚಿದರೆ ಇಡೀ ಓಣಿಯಲ್ಲಿ ಇನ್ನೊಂದು ತೋಡುವುದಿಲ್ಲ.

ಗುರಮ್ಮ ಬುಟ್ಟಿ ಸೆಗಣಿಯೊಂದಿಗೆ ಗುಂಡಿಯ ಬಾಯಿಯ ಬಳಿ ಬಂದು ಕೂತಳು. ಅವಳು ತಟ್ಟಿದ ಸೆಗಣಿ ಕುಳ್ಳು ಮುರಿಯದೆ ಒಡೆಯದೆ ಒಲೆ ಸೇರುತ್ತವೆಂದು ಓಣಿಯಲ್ಲೆಲ್ಲ ಹೆಸರು. ಹಾಗಾಗಿ ಗುಂಡಿಯ ಸೆಗಣಿಯನ್ನೂ ಬೇರೆಯವರ ಕೈಗೆ ಬಿಡುತ್ತಿರಲಿಲ್ಲ. ಸೊಸೆಯೊಂದಿಗೆ ಮಾತಾಡುತ್ತಲೇ ಅವಳ ಬಲಗೈ ಪಕ್ಕದ ಬುಟ್ಟಿಗೆ ಹೋಯಿತು, ಒಂದು ಹಿಡಿ ಜೋಳದ ಹೊಟ್ಟು ತೆಗೆದು ಸೆಗಣಿಗೆ ಬೆರೆಸಿತು. ಕುಳ್ಳಿಗೆ ಹಾಗೇ ಬೆರೆಸಬೇಕು. ಇಲ್ಲವಾದರೆ ಅವು ಬಿರಿಯುತ್ತವೆ.

ಶಾರದಾಬಾಯಿ ಬಗ್ಗಿ ಡ್ರಮ್ಮಿನ ಅಂಚು ನೋಡಿದಳು. ತೇಲಿದ ಹೊಟ್ಟು ಹಪ್ಪಳದಂತೆ ಗಟ್ಟಿಯಾಗಿತ್ತು. ಕೆಳಗಿನ ಗ್ಯಾಸಿಗೆ ಮೇಲೆ ಬರಲು ದಾರಿಯೇ ಇರಲಿಲ್ಲ.

ಜೇವರ್ಗಿಯಿಂದ ಬಂದು ಇದನ್ನು ಕೂಡಿಸಿಕೊಟ್ಟವನು ಹೇಳಬೇಕಾದ್ದನ್ನೆಲ್ಲ ಮುಂಗಟ್ಟೆಯಲ್ಲಿ ಮಾವನಿಗೆ ಹೇಳಿ ಹೋಗಿದ್ದ. ಹಿತ್ತಲಲ್ಲಿ ಸೆಗಣಿ ಕಲಸುವವಳಿಗೆ ಯಾರೂ ಹೇಳಿರಲಿಲ್ಲ.

ಈಗ ಹೇಳುವುದು ಹೇಗೆ? ನಿಮ್ಮ ಕೈಯಿಂದಲೇ ಕೆಟ್ಟಿತು ಎಂದರೆ ಅತ್ತೆ ಎದ್ದು ಹೋದಾಳು, ಗುಂಡಿಯನ್ನು ಮತ್ತೆ ಮುಟ್ಟಲಾರಳು. ಶಾರದಾಬಾಯಿ ಮಾತುಗಳನ್ನು ನಾಲಿಗೆಯ ಮೇಲೆ ಹಿಂದೆ ಮುಂದೆ ಮಾಡಿದಳು. ಕೊನೆಗೆ ಸೀರೆ ಸಿಕ್ಕಿಸಿ ಅತ್ತೆಯ ಪಕ್ಕದಲ್ಲಿ ಕೂತು, ತಾನೂ ಸೆಗಣಿಗೆ ಕೈ ಹಾಕಿದಳು.

“ಅತ್ತಿ, ಹಲ್ಲು ಬರದ ಕೂಸಿಗಿ ರೊಟ್ಟಿ ತಿನಸ್ತಾರೇನ್ರಿ?”

“ತಲಿ ಕೆಟ್ಟದೇನ್ ಬೇ ನಿಂದು? ಅಂಬಲಿ ಕುಡಸ್ತಾರ.”

“ಈ ಗುಂಡಿಗೂ ಇನ್ನಾ ಹಲ್ಲು ಬಂದಿಲ್ರಿ.”

ಗುರಮ್ಮನ ಕೈ ನಿಂತಿತು. ಮುಷ್ಟಿಯಲ್ಲಿದ್ದ ಹೊಟ್ಟು ನೋಡಿದಳು, ಡ್ರಮ್ಮು ನೋಡಿದಳು, ಸೊಸೆಯ ಮುಖ ನೋಡಿದಳು.

“ಅಯ್ಯ ಶಿವನೇ, ಇಷ್ಟು ದಿನ ಇದರ ಬಾಯಾಗ ರೊಟ್ಟಿ ತುರುಕಾಕತ್ತಿದ್ನಲ್ಲ ಬೇ! ನಿನಗ ಬಾಯಿ ಇರಲಿಲ್ಲೇನು?”

“ನಾನೂ ಈಗೇ ನೋಡೇನ್ರಿ.”

ಗುರಮ್ಮ ಹೊಟ್ಟಿನ ಬುಟ್ಟಿಯನ್ನು ಎಮ್ಮೆಯ ಮುಂದೆ ಸುರಿದಳು. “ಏನ್ರೀ, ಬರ್ರಿ ಇಲ್ಲಿ! ಆ ಜೇವರ್ಗಿ ಮನಷ್ಯಾ ಹೊಟ್ಟು ಹಾಕಬ್ಯಾಡ್ರಿ ಅಂದಿದ್ನೋ ಇಲ್ಲೋ?”

ಶಾಂತಲಿಂಗಪ್ಪ ರುಮಾಲು ಸರಿಮಾಡಿಕೊಂಡರು. “ಅಂದಿದ್ದ… ನಿನಗ ಹೇಳೂದು ಮರ್ತಿತ್ತು.”

“ಹಂಗಾದ್ರ ಅಂಗಿ ತೋಳು ಮ್ಯಾಲೇರಿಸ್ರಿ. ಡ್ರಮ್ಮು ತಿರುವ್ರಿ!”

ಅತ್ತೆ, ಮಾವ, ಸೊಸೆ ಹಿಡಿಕೆ ಹಿಡಿದು ಡ್ರಮ್ಮನ್ನು ಗಾಣದಂತೆ ತಿರುವಿದರು. ಹೆಪ್ಪು ಒಡೆದು ಬುಳುಬುಳು ಗುಳ್ಳೆ ಎದ್ದವು. ತೇಲಿದ ಹೊಟ್ಟನ್ನು ಬಾಚಿ ಹೊರಹಾಕಿದರು. ಆಮೇಲೆ ಗುರಮ್ಮ ಅಕ್ಕಿಯಲ್ಲಿ ಹರಳು ಆರಿಸುವಂತೆ ಸೆಗಣಿಯಲ್ಲಿ ಕಡ್ಡಿ ಆರಿಸತೊಡಗಿದಳು. ಹಬ್ಬದ ಹಿಂದಿನ ದಿನ ಸುಣ್ಣದ ಗೆರೆ ಮೇಲೆದ್ದು ಬಿಸಿಲಿಗೆ ಬೆಳ್ಳಗೆ ಹೊಳೆಯಿತು.

ಅವತ್ತೇ ರೊಟ್ಟಿ ಬಡಿಯುವ ದಿನ. ಯಡ್ರಾಮಿಯಿಂದ ಬಂದಿದ್ದ ನಾದಿನಿ ಸುಂದರಬಾಯಿ ಅಡಿಗೆಮನೆಯಲ್ಲಿ ಕೂತು, “ಕೆಂಡ ಇಲ್ದ ರೊಟ್ಟಿ ಹ್ಯಾಂಗ ಉಬ್ಬತದ ಯವ್ವಾ?” ಎಂದಳು. ಖಾಸೀಂಬಿ ಬಾಗಿಲಿಗೆ ಒರಗಿ ನಿಂತಿದ್ದಳು. ಶಾರದಾಬಾಯಿ ಗ್ಯಾಸಿನ ಒಲೆಗೆ ಕಡ್ಡಿ ಗೀರಿದಳು. ಉರಿ ಭುಸ್ಸೆಂದು ಹೊತ್ತಿ ನೀಲಿಯಾಗಿ ನಿಂತಿತು. ಗುರಮ್ಮ ಎಳ್ಳು ಹಚ್ಚಿದ ರೊಟ್ಟಿಯನ್ನು ಹಂಚಿನಿಂದ ತೆಗೆದು ನೇರ ಉರಿಯ ಮೇಲಿಟ್ಟಳು. ರೊಟ್ಟಿ ಒಂದು ಅಂಚಿನಿಂದ ಎದ್ದು, ಇನ್ನೊಂದು ಅಂಚಿಗೆ ಓಡಿ, ತುಂಬಿಕೊಂಡಿತು.

“ಅರೆ! ಚೆಂಡಾತಲ್ಲ!” ಖಾಸೀಂಬಿ ಒಳಗೆ ಬಂದು ಮುರಿದು ಮೂಸಿದಳು. “ಸೆಗಣಿ ವಾಸನಿ ಎಲ್ಲದ?”

“ನಿನ್ನ ಮೂಗಿನ್ಯಾಗಿತ್ತು, ಹೋತು,” ಎಂದಳು ಗುರಮ್ಮ.

ಅಡಿಗೆಮನೆಯೆಲ್ಲ ನಕ್ಕಿತು. ರೊಟ್ಟಿಯ ಅಡಕಲು ಏರುತ್ತಾ ಹೋಯಿತು. ಅಷ್ಟು ಹೊತ್ತಿನಲ್ಲಿ ಅತ್ತೆ ಒಮ್ಮೆಯೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳಲಿಲ್ಲ. ಅದನ್ನು ನೋಡಿದವಳು ಶಾರದಾಬಾಯಿ ಒಬ್ಬಳೇ. ಅವಳು ಅದನ್ನೇ ಕಾಯುತ್ತಿದ್ದಳು.

ಮರುದಿನ ಹೊಲದಲ್ಲಿ ಶಾಂತಲಿಂಗಪ್ಪ ಮತ್ತೊಂದು ರೊಟ್ಟಿಗೆ ಕೈ ಚಾಚಿದರು. ಗುರಮ್ಮ ಬುಟ್ಟಿ ಹಿಂದಕ್ಕೆ ಎಳೆದಳು. “ಗುಂಡಿ ಯಾವಾಗ ಮುಚ್ಚಸ್ತೀರಿ, ಮೊದಲು ಹೇಳ್ರಿ.”

“ಮುಚ್ಚೂದೆಲ್ಲಿ ಬಂತು? ಖಾಸೀಂಬಿ ಮಾತಿಗಿ ಆಕಿ ಗಂಡ ಗೌಸಮೊಹಿದ್ದೀನ ಮುಂಜಾನಿಂದ ಬೆನ್ನ ಹತ್ಯಾನ, ತೋಡಾಕ ಯಾರಿಗಿ ಹೇಳ್ಳಿ ಅಂತ.”

ಬೇಸಿಗೆಗೆ ಖಾಸೀಂಬಿಯ ಹಿತ್ತಲಲ್ಲಿ ಡ್ರಮ್ಮು ತೇಲಿತು. ಮುಂದೆ ಓಣಿಯ ತುದಿಯಲ್ಲಿ, ಆಮೇಲೆ ಯಡ್ರಾಮಿಯಲ್ಲಿ ಸುಂದರಬಾಯಿಯ ಮನೆಯಲ್ಲಿ. ಹೊಸ ಗುಂಡಿ ಎಲ್ಲಿ ತೋಡಿದರೂ ಗುರಮ್ಮ ಬಸ್ಸು ಹತ್ತಿಯಾದರೂ ಹೋಗುತ್ತಿದ್ದಳು. ಚಹಾ ಕುಡಿಯುವ ಮೊದಲೇ ಹಿತ್ತಲಿಗೆ ನಡೆದು ಮನೆಯ ಹೆಂಗಸರನ್ನು ಕರೆಯುತ್ತಿದ್ದಳು.

“ಗಂಡಸರಿಗಿ ಏನು ಹೇಳ್ಯಾರೋ ಬಿಡ್ರಿ. ಹೊಟ್ಟಿನ ಬುಟ್ಟಿ ಎಲ್ಲದ? ಮೊದಲು ಅದನ್ನ ಎಮ್ಮಿ ಮುಂದ ಇಡ್ರಿ.”