ಭುಜದೆತ್ತರದ ಗೋಡೆ

ಮನೆಗಳ ಒಳಾಂಗಣ ವಿನ್ಯಾಸ ಮಾಡುವ ಅವಳಿಗೆ ಹದಿನಾಲ್ಕು ವರ್ಷಗಳ ಅನುಭವವಿತ್ತು. ನಡುಗೋಡೆ ಒಡೆಸಿ ಅಡುಗೆಮನೆ, ಊಟದ ಜಾಗ, ಹಜಾರ ಮೂರನ್ನೂ ಒಂದು ಮಾಡುವುದು, ಆಮೇಲೆ ಅದರೊಳಗೇ ಒಬ್ಬೊಬ್ಬರಿಗೂ ಒಂದಿಷ್ಟು ಮರೆ ಹುಡುಕಿಕೊಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಆ ದರ್ಜಿ ಹೆಂಗಸಿನ ಮನೆ ಅವಳ ತಲೆ ಕೆಡಿಸಿಬಿಟ್ಟಿತು.

ದರ್ಜಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಗಂಡನಿಗೂ ಮಗಳಿಗೂ ಕೇಳಿಸುತ್ತದೆ. ಆದರೂ ಮನೆಯೊಳಗೆ ಮೂವರದೂ ಕೈಸನ್ನೆಯ ಮಾತೇ. ಮೊದಲ ದಿನ ದರ್ಜಿ ಹೊಲಿಗೆ ಯಂತ್ರ ಬಿಟ್ಟೆದ್ದು ಸರಸರನೆ ಕೈಯಾಡಿಸಿದಳು. ಹದಿನೇಳರ ಮಗಳು ಪಕ್ಕದಲ್ಲಿ ನಿಂತು ಅದನ್ನು ಬಾಯಲ್ಲಿ ಹೇಳುತ್ತ ಹೋದಳು.

"ಒಂದು ಗೋಡೇನೂ ಬೇಡವಂತೆ. ಕಣ್ಣಿಗೆ ಕಾಣದೋರು ಅವಳ ಪಾಲಿಗೆ ಮನೇಲೇ ಇಲ್ಲದ ಹಾಗಂತೆ." ಕ್ಷಣ ತಡೆದು, "ಇದು ಅಮ್ಮನ ಮಾತು. ನಂದು ಬೇರೆ ಇದೆ," ಎಂದಳು.

ತನ್ನ ಮಾತನ್ನು ಅವಳು ಹೊರಗೆ ಮೆಟ್ಟಿಲ ಬಳಿ ಹೇಳಿದಳು. "ಬೇರೆ ಮನೇಲಿ ಮಾತು ಸಾಕು ಅನಿಸಿದ್ರೆ ಕಿವಿಗೆ ಏನಾದ್ರೂ ಸಿಕ್ಕಿಸ್ಕೋಬಹುದು. ನಮ್ಮನೇಲಿ ಕಣ್ಣಿಗೆ ಬಿದ್ರೆ ಮಾತು ಶುರು. ನಂಗೆ ಬಾಗಿಲಿರೋ ಕೋಣೆ ಬೇಕು."

ಸಾಲದ್ದಕ್ಕೆ ಸಂಜೆ ಗಂಡನ ಫೋನು ಬಂತು. "ನನ್ನ ಹೆಂಡ್ತಿ ತುಟಿ ನೋಡೇ ಮಾತು ಹಿಡೀತಾಳೆ ಮೇಡಂ. ನಮ್ಮಕ್ಕನ ಹತ್ರ ಫೋನಲ್ಲಿ ಮಾತಾಡೋವಾಗ ಗೋಡೆ ಕಡೆ ತಿರುಗಿ ನಿಲ್ತೀನಿ. ಇರೋ ಗೋಡೇನೂ ಒಡೆದ್ರೆ ನಾನು ಎತ್ತ ತಿರುಗಲಿ?"

ವಿನ್ಯಾಸಗಾರ್ತಿ ಮೂರು ನಕ್ಷೆ ಬರೆದು ಮೂರನ್ನೂ ಹರಿದಳು. ಪರದೆ, ಪುಸ್ತಕದ ಕಪಾಟು, ದಪ್ಪ ಬಾಗಿಲು ಯಾವುದೂ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಎಲ್ಲರ ಮಾತೂ ಸರಿಯಾಗಿ ಕಂಡು, ತಾನು ಯಾರ ಪರ ಎನ್ನುವುದೇ ಅವಳಿಗೆ ತಿಳಿಯದಾಯಿತು. ಕೊನೆಗೆ ತನ್ನ ಹಳೆಯ ಉಪಾಯಕ್ಕೇ ಬಂದಳು: ಮಗಳ ಮೇಜಿನ ಸುತ್ತ ಅರ್ಧ ಗೋಡೆ. ಕೂತವರ ಮುಖ ಕಾಣುತ್ತದೆ, ಬೆಳಕಿಗೂ ಅಡ್ಡಿಯಿಲ್ಲ. ಎತ್ತರ ತೋರಿಸಲು ಒಂದು ದೊಡ್ಡ ರಟ್ಟು ತಂದು ನಿಲ್ಲಿಸಿ ಮಗಳನ್ನು ಅದರ ಹಿಂದೆ ಕೂರಿಸಿದಳು.

ದರ್ಜಿ ದೂರದಿಂದ ನೋಡಿದಳು. ಮುಖ ಬಿಗಿಯಾಯಿತು. ಗಂಡ ಅವಳ ಸನ್ನೆಯನ್ನು ಹಿಂಜರಿಯುತ್ತ ಹೇಳಿದ: "ತಲೆ ಕಾಣುತ್ತೆ, ಕೈ ಕಾಣಲ್ಲ. ಮಗಳ ಬಾಯಿ ಹೊಲಿದು ಕೂರಿಸಿದ ಹಾಗಿದೆ, ಅಂತಿದಾಳೆ."

ವಿನ್ಯಾಸಗಾರ್ತಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೈಯ ವಿಷಯ ಹೊಳೆದೇ ಇರಲಿಲ್ಲ. ರಟ್ಟು ತೆಗೆಯಲು ಹೋದರೆ ಮಗಳು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡಿ. ನಂಗೆ ಇದೇ ಬೇಕು. ಇಲ್ಲೇ ಇದೀನಿ ಅಂತ ಅಮ್ಮಂಗೆ ಗೊತ್ತಾಗುತ್ತೆ. ಮಾತಾಡಲೇಬೇಕು ಅಂತಿಲ್ಲ."

ಎದ್ದು ನಿಂತು ಅದನ್ನೇ ಅಮ್ಮನಿಗೂ ಕೈಯಲ್ಲಿ ಹೇಳಿದಳು. ದರ್ಜಿ ರಟ್ಟಿನ ಹತ್ತಿರ ಬಂದಳು. ಆಮೇಲೆ ಕೊರಳಿನ ಟೇಪು ತೆಗೆದು ರಟ್ಟಿನೆತ್ತರ ಅಳೆದಳು, ಮಗಳನ್ನು ಕೂರಿಸಿ ಭುಜದೆತ್ತರ ಅಳೆದಳು, ಬಟ್ಟೆಯ ಕತ್ತರಿಯಿಂದಲೇ ರಟ್ಟಿನ ಮೇಲಂಚನ್ನು ನಾಲ್ಕು ಬೆರಳು ಕತ್ತರಿಸಿ ಹಾಕಿದಳು.

"ಕೈ ಸುಮ್ಮನಿದ್ರೆ ಕಾಣೋದು ಬೇಡ, ಮನಸ್ಸು ಮಾಡಿ ಎತ್ತಿದ್ರೆ ಕಾಣಬೇಕು, ಅಂತ," ಎಂದ ಗಂಡ.

ದರ್ಜಿ ಒಪ್ಪಿದಳೋ ಮುನಿದಳೋ ಯಾರಿಗೂ ಗೊತ್ತಾಗಲಿಲ್ಲ. ಅಷ್ಟೇ ಎತ್ತರಕ್ಕೆ ಗೋಡೆ ಎದ್ದಿತು. ಉಳಿದ ಗೋಡೆಗಳೆಲ್ಲ ಹೋದವು. ಅಡುಗೆ ಒಲೆಯ ಪಕ್ಕ ಮಾತ್ರ ಒಬ್ಬರು ಮುಖ ತಿರುಗಿಸಿ ನಿಲ್ಲುವಷ್ಟು, ಎರಡಡಿ ಅಗಲದ ಗೋಡೆಯ ತುಂಡೊಂದು ಉಳಿಯಿತು. ಅದೇಕೆಂದು ದರ್ಜಿಗೆ ಯಾರೂ ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಎರಡು ತಿಂಗಳಿಗೆ ದರ್ಜಿಯಿಂದ ಸಂದೇಶ ಬಂತು. "ಈಗ ಮಗಳನ್ನು ಕರೆದರೆ ಬರೀ ತಲೆಯಾಡಿಸುತ್ತಾಳೆ. ಆದರೆ ದಿನಕ್ಕೆರಡು ಸಲ ತಾನಾಗಿ ಎದ್ದು ನಿಂತು ಏನಾದರೂ ಹೇಳುತ್ತಾಳೆ. ಮೊನ್ನೆ ಅತ್ತಳು, ಯಾಕೆಂದೂ ಹೇಳಿದಳು. ಒಟ್ಟಿನಲ್ಲಿ ಮಾತು ಕಡಿಮೆಯಾಗಿದೆ. ಮನೆ ಸರಿಯಾಯಿತೋ ಕೆಟ್ಟಿತೋ ನೀವೇ ಹೇಳಿ."

ವಿನ್ಯಾಸಗಾರ್ತಿ 'ಸರಿಯಾಗಿದೆ' ಎಂದು ಬರೆದು ಅಳಿಸಿದಳು. ತಾನು ಗೆದ್ದೆನೋ ಸೋತೆನೋ ಅವಳಿಗೇ ಬಗೆಹರಿಯಲಿಲ್ಲ. "ನನಗೂ ಗೊತ್ತಾಗ್ತಿಲ್ಲ. ಶನಿವಾರ ಬಂದು ನೋಡ್ಲಾ?" ಎಂದು ಕಳಿಸಿದಳು.

"ಬನ್ನಿ, ಊಟಕ್ಕೇ ಬನ್ನಿ," ಎಂದು ಉತ್ತರ ಬಂತು.