ಒಲೆ ಹೊತ್ತದ ಹತ್ತು ದಿನ

ದತ್ತವಾಡದ ಬಸದಿ ಓಣಿಯ ನಲವತ್ತು ಮನೆಗಳಿಗೆ ಹೊಗೆ ಕಾರದ ಕಬ್ಬಿಣದ ಒಲೆ ಕೊಡಿಸಿದವಳು ಶುಭಾಂಗಿ. ಕೊಲ್ಹಾಪುರದ ಒಂದು ಸಂಸ್ಥೆಗೆ ಅವಳು ಊರಿನ ಸೇವಿಕೆ. ದುಡ್ಡು ಹಾಕಿದವರು ಕಡಲಾಚೆಯ ಯಾವುದೋ ಕಂಪನಿಯವರು. ತಮ್ಮ ಕಾರ್ಖಾನೆಯ ಹೊಗೆಯ ಪಾಪವನ್ನು ನಮ್ಮ ಅಡುಗೆಮನೆಯಲ್ಲಿ ತೊಳೆದುಕೊಳ್ಳುವ ಹಂಚಿಕೆ. ಇರಲಿ, ಗ್ಯಾಸ್ ಸಿಲಿಂಡರ್ ತುಂಬಿಸಲು ಕೈ ಸಾಗದ ಮನೆಗಳಿಗೆ ಒಲೆಯಂತೂ ಬಂತು.

ಒಲೆಯಿಂದ ಹೊಗೆ ಕಮ್ಮಿಯಾಯಿತೇ ಎಂದು ಸಂಸ್ಥೆ ನಡೆಸುವ ಪರೀಕ್ಷೆಯಲ್ಲಿ ಊರು ಪಾಸಾದರೆ ವಾರಕ್ಕೊಮ್ಮೆ ಎದೆರೋಗದ ಡಾಕ್ಟರ ಗಾಡಿಯೂ ಬರುವುದಿತ್ತು. ಶುಭಾಂಗಿಗೆ ಬೇಕಾಗಿದ್ದುದು ಅದೊಂದೇ. ಅವಳ ಅತ್ತೆ ಜಿನಮತಿ ಐವತ್ತು ವರ್ಷ ಕಟ್ಟಿಗೆ ಒಲೆ ಊದಿ ಊದಿ ತನ್ನ ಉಸಿರನ್ನೇ ಕಳಕೊಂಡಿದ್ದಳು. ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಹಿಡಿದು ನಿಲ್ಲಬೇಕು. ಬಸ್ಸು ಹತ್ತಿ ಇಚಲಕರಂಜಿಯ ಆಸ್ಪತ್ರೆಗೆ ಹೋಗುವುದು ಅವಳಿಂದ ಆಗದ ಮಾತು.

ಪ್ರತಿ ಒಲೆಗೂ ಹತ್ತು ದಿನ ಮೀಟರು ಕಟ್ಟುತ್ತೇವೆ, ದಿನ ನೀವೇ ಆರಿಸಿ ಎಂದಿತು ಸಂಸ್ಥೆ. ಶುಭಾಂಗಿ ಒಂದು ಗಳಿಗೆಯೂ ಯೋಚಿಸದೆ ಭಾದ್ರಪದದಲ್ಲಿ ಜೈನರು ಹತ್ತು ದಿನ ಆಚರಿಸುವ ದಶಲಕ್ಷಣ ಪರ್ವವನ್ನು ಆರಿಸಿದಳು. ಆಗ ಓಣಿಯೆಲ್ಲ ಒಪ್ಪೊತ್ತು. ಆ ಒಂದೂಟವೂ ಬಸದಿಯ ಅಡುಗೆಮನೆಯಲ್ಲಿ. ಮನೆಯಲ್ಲಿ ಬೆಂಕಿಯೇ ಇಲ್ಲದಿದ್ದರೆ ಹೊಗೆ ಎಲ್ಲಿಯದು? ಜೀವಹಿಂಸೆಯೂ ಇಲ್ಲ, ಹೊಗೆಯೂ ಇಲ್ಲ, ನೂರಕ್ಕೆ ನೂರು ಅಂಕ! ಮನೆಮನೆಗೆ ಹೋಗಿ, "ಈ ಹತ್ತು ದಿವ್ಸ ಚಹಾಕ್ಕೂ ಒಲಿ ಹಚ್ಚಬ್ಯಾಡ್ರಿ ಮತ್ತ," ಎಂದು ಕಟ್ಟುನಿಟ್ಟು ಮಾಡಿ ಬಂದಳು.

ದೀಪಾವಳಿ ಮುಗಿದ ಮೇಲೆ ಸಂಸ್ಥೆಯ ವಿಕಾಸ ಟೆಂಪೋ ತಗೊಂಡು ಬಂದ.

"ಅಕ್ಕಾರ, ನಿಮ್ಮ ಊರು ಫೇಲ್ ಆತ್ರಿ. ಹೊಸಾ ಒಲಿ ಯಾರೂ ಬಳಸಾಕತ್ತಿಲ್ಲ, ಹಳೇ ಒಲಿಗೇ ಹೋಗ್ಯಾರ ಅಂತ ಬರದಾರ. ಎಲ್ಲಾ ಒಲಿ ಬ್ಯಾರೆ ಊರಿಗೆ ಒಯ್ಯಾಕ ಹೇಳ್ಯಾರ."

"ಅಯ್ಯ, ಉಪಾಸ ಇತ್ತಲ್ರಿ! ಹಳೇ ಒಲಿನೂ ಹಚ್ಚಿಲ್ಲ. ಹೊಗಿ ಕಮ್ಮಿ ಆಗಬೇಕು ಅಂತಿದ್ರಿಲ್ಲ?"

"ಮೀಟರ್ ಹೊಗಿ ಅಳಿಯೂದಿಲ್ರಿ. ಒಲಿ ಎಷ್ಟ್ ಸಲ ಉರೀತು, ಅಷ್ಟ ಎಣಸ್ತೈತಿ. ಹೊಸಾ ಒಲಿ ಹೆಚ್ಚು ಉರದ್ರ ಹೆಚ್ಚು ಹೊಗಿ ಉಳೀತು ಅಂತ ಅವರ ಹಿಸೇಬ. ನಾ ಫೋನ್ ಮಾಡಿ ಭಾಳ ಹೇಳೀನ್ರಿ. ಉಪಾಸ ಬರಿಯಾಕ ಫಾರಂದಾಗ ಜಾಗಾ ಇಲ್ಲಂತ."

"ಡಾಕ್ಟರ ಗಾಡಿ?"

ವಿಕಾಸ ಮುಖ ತಪ್ಪಿಸಿದ. "ಅದೂ ಆ ಊರಿಗೇ ಹೋಗ್ತೈತ್ರಿ."

ಉರಿಸಿದವರಿಗೆ ಬಹುಮಾನ, ಉರಿಸದವರಿಗೆ ದಂಡ. ಈ ಲೆಕ್ಕ ಹಾಕಿದ ಮಹಾಶಯರು ಜನ್ಮದಲ್ಲಿ ಒಂದು ಹೊತ್ತು ಉಪವಾಸ ಇದ್ದಿರಲಿಕ್ಕಿಲ್ಲ. ಶುಭಾಂಗಿಗೆ ಸಿಟ್ಟು ಬಂತು, ಅಳುವೂ ಬಂತು. ಆದರೆ ಯಾರನ್ನು ಬೈಯುವುದು? ದಿನ ಆರಿಸಿದವಳು ತಾನೇ. ಅತ್ತೆಗೆ ಸಿಗಬೇಕಾಗಿದ್ದ ಔಷಧವನ್ನು ಕೈಯಾರೆ ತಪ್ಪಿಸಿದ್ದಳು. ಮನೆಮನೆಯ ಸಹಿ ಹಾಕಿಸಿಕೊಂಡು ಒಲೆ ಹೊರಿಸಿದಳು. ಕಡೆಗೆ ತನ್ನ ಮನೆಯದು.

ಟೆಂಪೋ ಹೋದ ಮೇಲೆ ಜಿನಮತಿ ಸೊಸೆಯ ಮುಂದೆ ಕೈಮುಗಿದು ಕೂತಳು.

"ಶುಭಾ, ತಪ್ಪು ನಂದವ್ವ. ಪರ್ವದ ಐದನೇ ದಿವ್ಸ ಉಸುರು ಕಟ್ಟಿ ಜೀವ ಹೋದಂಗ ಆತು. ನೀ ಬಸದ್ಯಾಗಿದ್ದಿ. ಆ ಹೊಸಾ ಒಲಿ ಹಚ್ಚಿ ಒಂದ್ ತಂಬಗಿ ನೀರ್ ಕಾಸ್ಕೊಂಡ್ ಕುಡದೆ. ಪರ್ವ ಮುಗದು ಎಲ್ಲಾರ ಹತ್ರ ಕ್ಷಮಾ ಕೇಳೋ ದಿವ್ಸನೂ ಹೇಳಾಕ ಬಾಯಿ ಬರಲಿಲ್ಲ. ನನ್ನ ಸಲುವಾಗಿ ಊರಿಗೆಲ್ಲಾ ಗಾಡಿ ತಪ್ತು."

"ಇಲ್ರಿ ಅತ್ತಿ! ನೀವು ದಿನಾ ಹಚ್ಚಿದ್ರ ಗಾಡಿ ಬರ್ತಿತ್ತು. ಹಚ್ಚಬ್ಯಾಡ್ರಿ ಅಂದಾಕಿ ನಾನು!"

ಮುದುಕಿ ಸೊಸೆಯ ಕೆನ್ನೆ ಸವರಿದಳು. "ನನ್ನ ಸಮಾಧಾನಕ್ಕ ಹೇಳ್ತಿ. ಬೆಂಕಿ ಹಚ್ಚಿದವ್ರಿಗೆ ಯಾರರೆ ಶಾಬಾಸ್ ಅಂತಾರೇನ?"

ಎಷ್ಟು ಬಿಡಿಸಿ ಹೇಳಿದರೂ ಅವಳು ನಂಬಲಿಲ್ಲ. ರಾತ್ರಿ ಉಣ್ಣದ ಮನೆ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕಿತ್ತು. ಶುಭಾಂಗಿ ಹಳೆಯ ಒಲೆಗೆ ಕಟ್ಟಿಗೆ ಒಟ್ಟಿ, ಹೊರಗೆ ಹೋಗಿ ಕೂರುವಂತೆ ಅತ್ತೆಯನ್ನು ಕೈಮುಗಿದು ಕೇಳಿಕೊಂಡಳು. ಜಿನಮತಿ ಏಳಲಿಲ್ಲ. ಮಾಡಿದ ತಪ್ಪಿಗೆ ಇದೇ ಪ್ರಾಯಶ್ಚಿತ್ತ ಎಂದು, ಕೆಮ್ಮುತ್ತ, ಆ ಹೊಗೆಯಲ್ಲೇ ರೊಟ್ಟಿ ಬಡಿಯತೊಡಗಿದಳು.